ಹೊಲ ನಿನ್ನ ಹೆಸರಲ್ಲೇ ಇರಲಿ, ಅಪ್ಪ

ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಚಹಾ ಕುಡಿಯುತ್ತಲೇ ಅಂದರು: "ನಾಕು ಎಕರೆ ಎರಿ ಹೊಲ ನಿನ್ನ ಹೆಸರಿಗೆ ದಾನಪತ್ರ ಮಾಡಿಬಿಡ್ತೀನಿ. ನಾ ಹೋದ ಮ್ಯಾಲ ನೀ ಕಚೇರಿ ಅಡ್ಡಾಡೂದು ಬ್ಯಾಡ."

ನಮ್ಮೂರು ಕೊಪ್ಪಳ ಜಿಲ್ಲೆಯ ಇಟಗಿ, ನಾನಿರೋದು ಬೆಂಗಳೂರಲ್ಲಿ. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಖುಷಿಯಾಯ್ತು. ಆಮೇಲೆ ಹಿಂದಿನ ಓಣಿಯ ಅಜ್ಜಿ ನೆನಪಾದರು. ಮನೆಯನ್ನು ಮಗನಿಗೆ ಬರೆದುಕೊಟ್ಟು, ಈಗ ಅದೇ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕರೆಯೋದನ್ನೇ ಕಾಯ್ತಾ ಕೂರುವವರು.

ಅಂಥವರಿಗಾಗಿಯೇ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ 23ನೇ ಕಲಂ ಇದೆ. 60 ದಾಟಿದವರು 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಮಾತು ತಪ್ಪಿದರೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಆ ದಾನವನ್ನೇ ರದ್ದು ಮಾಡಬಹುದು. ಪೆಚ್ಚು ಇರೋದು 'ಷರತ್ತು' ಅನ್ನೋ ಪದದಲ್ಲಿ. ಷರತ್ತೇ ಇಲ್ಲದಿದ್ದರೆ ಈ ಕಲಂ ಅನ್ವಯಿಸುವುದಿಲ್ಲ ಅಂತ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿ 2ರಂದು ಅದೇ ಕೋರ್ಟ್ ಮಧ್ಯಪ್ರದೇಶದ ತಾಯಿಯೊಬ್ಬರಿಗೆ ಮಗನಿಗೆ ಕೊಟ್ಟ ಆಸ್ತಿಯನ್ನು ವಾಪಸ್ ಕೊಡಿಸಿತು. ಅಲ್ಲಿ ದಾನಪತ್ರದ ಜೊತೆಗೆ, ನೋಡಿಕೊಳ್ಳುತ್ತೇನೆ ಎಂಬ ವಚನಪತ್ರವೂ ಇತ್ತು. ಹಿರಿಯರ ಪರವಾಗಿ ಕಾಯ್ದೆಯನ್ನು ಉದಾರವಾಗಿ ಓದಬೇಕು, ಅಗತ್ಯವಿದ್ದರೆ ಮಕ್ಕಳನ್ನು ಮನೆಯಿಂದ ತೆರವುಗೊಳಿಸಲೂಬಹುದು ಅಂತಲೂ ಹೇಳಿತು.

ಇದನ್ನೆಲ್ಲ ಹೇಳಿ, "ದಾನಪತ್ರ ಮಾಡೂದಾದ್ರ ಷರತ್ತು ಬರಸೋಣ" ಅಂದೆ. ಅಪ್ಪನಿಗೆ ಬೇಸರ. "ಮಗನ ಮ್ಯಾಲ ಷರತ್ತ? ಮಂದಿ ಏನಂತಾರ?"

ಸಂಜೆ ಇಬ್ಬರೂ ಮಹಾದೇವ ಗುಡಿ ಕಡೆ ನಡೆದೆವು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ, ಶಾಸನದಲ್ಲಿ 'ದೇವಾಲಯ ಚಕ್ರವರ್ತಿ' ಅಂತ ಹೊಗಳಿಸಿಕೊಂಡದ್ದು. "ಅಪ್ಪ, ನಮ್ಮ ಹಳೇ ದಾನಶಾಸನ ನೋಡು. ಯಾವ ಭೂಮಿ, ಯಾರಿಗೆ, ಎದಕ್ಕ ಅಂತ ಬರೀತಿದ್ರು. ಕಡೀಗೆ ಅಳಿಪಿದವರಿಗೆ ಕವಿಲೆ ಕೊಂದ ಪಾಪ ಅಂತ ಶಾಪಾನೂ ಹಾಕ್ತಿದ್ರು. ಅವರೇನು ಮಂದೀನ ನಂಬದ ಬರೆದರೇನು?" ಅಪ್ಪ ನಕ್ಕರು.

ಇನ್ನೊಂದು ಮಾತು ಅವ್ವನದು. 23ನೇ ಕಲಂ ಆಸ್ತಿ ಕೊಟ್ಟವರಿಗೆ ರಕ್ಷಣೆ. ಹೊಲ ಕೊಡೋದು ಅಪ್ಪ. ಅಪ್ಪನೇ ಇಲ್ಲದ ದಿನ ಅವ್ವನ ಗುಳಿಗೆ ಖರ್ಚಿಗೆ ಯಾರು? ಅಕ್ಕನ ಪಾಲು? ಇದು ಅಪ್ಪ ದುಡಿದು ಕೊಂಡ ಹೊಲ, ಯಾರಿಗಾದರೂ ಕೊಡಬಹುದು. ಪಿತ್ರಾರ್ಜಿತವಾಗಿದ್ದರೆ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿದೆ.

ಕೊನೆಗೆ ಅಪ್ಪ ದಾನಪತ್ರ ಬಿಟ್ಟು ಉಯಿಲು ಬರೆಸಿದರು. ಮೊದಲು ಅವ್ವನಿಗೆ, ಅವ್ವ ಇಲ್ಲದಿದ್ದರೆ ಅಕ್ಕನಿಗೂ ನನಗೂ ಸಮ. ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದೆವು. ಮನಸ್ಸು ಬದಲಾದರೆ ಅಪ್ಪ ಯಾವಾಗ ಬೇಕಾದರೂ ತಿದ್ದಬಹುದು.

ನಿಮ್ಮ ಮನೆಯಲ್ಲೂ ಯಾರಾದರೂ 'ನಿನ್ನ ಹೆಸರಿಗೆ ಮಾಡಿಬಿಡ್ತೀನಿ' ಅಂದರೆ, ಷರತ್ತಿನ ಮಾತನ್ನು ಪಡೆಯುವ ನೀವೇ ಮೊದಲು ಎತ್ತಿ. ಅವರ ಬಾಯಿಂದ ಅದು ಬರೋದು ಕಷ್ಟ.

ಮೊನ್ನೆ ಪಹಣಿ ತೆಗೆಸಿದೆ. ಅದರಲ್ಲಿ ಇವತ್ತಿಗೂ ಅಪ್ಪನ ಹೆಸರೇ ಇದೆ.