ಬ್ಯಾಟ್ರಿ ದೊಡ್ಡದೋ, ಡಬ್ಬಿ ಮೇಲಿನ ಲೆಕ್ಕ ದೊಡ್ಡದೋ?

ಬಸ್ ಸ್ಟ್ಯಾಂಡ್ ಎದುರಿನ ಸಾಲಂಗಡಿಗಳಲ್ಲಿ ಈಗ ಬ್ಯಾಟ್ರಿಗೆ ಬರಗಾಲವಿಲ್ಲ. ಪೆನ್ನಿನಷ್ಟು ಸಣ್ಣದು, ಒನಕೆಯಷ್ಟು ದಪ್ಪದ್ದು, ಹಣೆಗೆ ಕಟ್ಟಿಕೊಳ್ಳುವಂಥದ್ದು, ಕೀ ಗೊಂಚಲಿಗೆ ಸಿಕ್ಕಿಸುವಂಥದ್ದು, ಎಲ್ಲಾ ಉಂಟು. ಡಬ್ಬಿ ತಿರುಗಿಸಿ ನೋಡಿ. '10,000 ಲುಮೆನ್', '2 ಕಿಲೋಮೀಟರ್ ಬೆಳಕು', '9900 ಎಂಎಎಚ್ ಸೆಲ್ಲು' ಅಂತ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತೆ. ಬೆಲೆ ಮಾತ್ರ ಕೆಲವೇ ನೂರು ರೂಪಾಯಿ. ಇಷ್ಟು ಬೆಳಕು ಇಷ್ಟು ಅಗ್ಗಕ್ಕೆ ಸಿಗೋದಾದರೆ ಮುನಿಸಿಪಾಲ್ಟಿಯವರು ಬೀದಿದೀಪದ ಕಂಬ ಕಿತ್ತು ವಾರ್ಡಿಗೊಂದು ಬ್ಯಾಟ್ರಿ ತೂಗುಹಾಕಿ ಕೈ ತೊಳೆದುಕೊಳ್ಳಬಹುದಿತ್ತು!

ಆದರೆ ಇದು ಬರೀ ನಗೋ ವಿಷಯ ಅಲ್ಲ ಸ್ವಾಮಿ. ನಮ್ಮ ಹಾಸನ ಜಿಲ್ಲೆಯಲ್ಲಿ ಬ್ಯಾಟ್ರಿ ಶೋಕಿ ಸಾಮಾನಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದರೆ ರೈತ ಮೋಟಾರು ಹಾಕೋಕೆ ತೋಟಕ್ಕೆ ಹೋಗಲೇಬೇಕು. ಸಕಲೇಶಪುರ, ಆಲೂರು, ಬೇಲೂರಿನ ಕಡೆ ಕೊನೇ ಬಸ್ಸಿಳಿದು ತೋಟದ ದಾರಿ ಹಿಡಿಯೋರಿಗೆ ಎದುರು ನಿಂತಿರೋದು ಬಂಡೆಯೋ ಆನೆಯೋ ಗೊತ್ತಾಗಬೇಕು. ಕಾಲ ಬುಡದಲ್ಲಿ ಇರೋದು ಹಗ್ಗವೋ ಹಾವೋ ಅದೂ ಗೊತ್ತಾಗಬೇಕು. 2000ದಿಂದ 2019ರವರೆಗಿನ ಸಾವುಗಳನ್ನು ಲೆಕ್ಕಹಾಕಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತಿದ್ದಾರೆ, ಹೆಚ್ಚಿನವರು ಹಳ್ಳಿಯವರು. ರಾಜ್ಯ ಸರ್ಕಾರವೂ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿತು. ಇಂಥಾ ಕಡೆ ನಡುದಾರಿಯಲ್ಲಿ ಬ್ಯಾಟ್ರಿ ಕೈ ಕೊಟ್ಟರೆ ಹೋಗೋದು ಮುನ್ನೂರು ರೂಪಾಯಿ ಮಾತ್ರ ಅಲ್ಲ.

ಬೆಳಕಿನ ಹುಚ್ಚರು

ಸ್ಟಾಂಪು, ನಾಣ್ಯ ಕೂಡಿಸೋರಿದ್ದಂತೆ ಬ್ಯಾಟ್ರಿ ಕೂಡಿಸೋ ಹವ್ಯಾಸಿಗಳೂ ಇದ್ದಾರೆ. ಅಮೆರಿಕ, ಯೂರೋಪು, ಚೀನಾದಲ್ಲಿ ಇವರ ದೊಡ್ಡ ದಂಡೇ ಇದೆ, ನಮ್ಮ ದೇಶದಲ್ಲೂ ಕಮ್ಮಿಯಿಲ್ಲ. ಇವರು ಹೊಸ ಬ್ಯಾಟ್ರಿ ತಂದರೆ ಮೊದಲು ಬಿಳೀ ಗೋಡೆಗೆ ಹಾಕಿ ಬೆಳಕಿನ ವೃತ್ತ ನೋಡ್ತಾರೆ. ಆಮೇಲೆ ಮೀಟರಿಟ್ಟು ಅಳೀತಾರೆ, ಗಡಿಯಾರ ಇಟ್ಟುಕೊಂಡು ನಿಮಿಷಕ್ಕೆಷ್ಟು ಬೆಳಕು ಇಳೀತು ಅಂತ ಬರೆದಿಡ್ತಾರೆ. ಮನೆಯವರ ಕೈಲಿ ಬೈಸಿಕೊಂಡರೂ ಬಿಡೋದಿಲ್ಲ. ಹುಚ್ಚು ಅನ್ನಿ, ಆದರೆ ಈ ಹುಚ್ಚರ ಲೆಕ್ಕ ನಮ್ಮ ನಿಮ್ಮ ಜೇಬಿಗೆ ಉಪಯೋಗ.

ಸ್ವಲ್ಪ ಹಿಂದಿನದೂ ಕೇಳಿ. ಕೊಳವೆ ಆಕಾರದ ಬ್ಯಾಟ್ರಿಗೆ ಡೇವಿಡ್ ಮಿಸೆಲ್ ಎಂಬಾತನಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1899ರ ಜನವರಿಯಲ್ಲಿ. ಆಗಿನ ಸೆಲ್ಲು, ಬುರುಡೆ ಎಷ್ಟು ಬಡಕಲಾಗಿದ್ದವು ಅಂದರೆ ಒಂದೇ ಸಮನೆ ಉರಿಸೋಕೆ ಆಗ್ತಿರಲಿಲ್ಲ. ಮಿಂಚಿನ ಹಾಗೆ ಒಂದು ಸಲ ಹಾಕಿ ಆರಿಸಬೇಕಿತ್ತು. ಫ್ಲ್ಯಾಶ್‌ಲೈಟ್ ಅನ್ನೋ ಹೆಸರು ಬಂದದ್ದೇ ಹಾಗೆ. ನಮ್ಮ ಹಿರಿಯರ ಕಾಲಕ್ಕೆ ಎವರೆಡಿಯ ಹಿತ್ತಾಳೆ ಬ್ಯಾಟ್ರಿ, ಜೀಪ್ ಬ್ಯಾಟ್ರಿ ಬಂದವು. ಸೆಲ್ಲು ಇಳಿದರೆ ಬಿಸಿಲಿಗಿಟ್ಟು ಇನ್ನೆರಡು ದಿನ ಉರಿಸೋರು. ಆ ಎರಡು ಸೆಲ್ಲಿನ ಬ್ಯಾಟ್ರಿಯ ಬೆಳಕು ಇವತ್ತಿನ ಲೆಕ್ಕದಲ್ಲಿ ಹತ್ತಿಪ್ಪತ್ತು ಲುಮೆನ್. ಅದರಲ್ಲೇ ರಾತ್ರಿಯಿಡೀ ಆಟ ನೋಡಿ ಮೂರು ಮೈಲಿ ನಡೆದು ಮನೆ ಸೇರಿದವರಿದ್ದಾರೆ.

ಎಲ್ಲಾ ತಲೆಕೆಳಗಾಗಿದ್ದು ಜಪಾನಿನಿಂದ. ಅಲ್ಲಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಮುರಾ 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ತೋರಿಸಿದರು. 1996ರಲ್ಲಿ ಅದೇ ಕಂಪನಿ ನೀಲಿ ಎಲ್‌ಇಡಿ ಮೇಲೆ ಹಳದಿ ಪುಡಿ ಲೇಪಿಸಿ ಬಿಳೀ ಬೆಳಕು ತೆಗೆಯಿತು. ನೀಲಿ ಎಲ್‌ಇಡಿಗಾಗಿ ನಕಮುರಾ, ಅಕಸಾಕಿ, ಅಮಾನೊ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಹಳೇ ಬುರುಡೆ ಒಂದು ವಾಟ್ ಕರೆಂಟಿಗೆ ಹತ್ತು ಹದಿನೈದು ಲುಮೆನ್ ಕೊಟ್ಟರೆ ಒಳ್ಳೇ ಎಲ್‌ಇಡಿ ನೂರಕ್ಕೂ ಮೇಲೆ ಕೊಡುತ್ತೆ.

ಟ್ಯಾಂಕಿನಲ್ಲಿ ನೀರೆಷ್ಟು?

ಈಗ ಡಬ್ಬಿ ಲೆಕ್ಕಕ್ಕೆ ಬರೋಣ. ಮನೆಗೆ ಹಾಕೋ 9 ವಾಟ್ ಎಲ್‌ಇಡಿ ಬಲ್ಬು ಸುಮಾರು 900 ಲುಮೆನ್. 10,000 ಲುಮೆನ್ ಅಂದರೆ ಅಂಥಾ ಹನ್ನೊಂದು ಬಲ್ಬು ಒಟ್ಟಿಗೆ ಉರಿದಂಗೆ. ಅದಕ್ಕೆ ಕಡಿಮೆ ಅಂದರೂ ನೂರು ವಾಟ್ ಆಸುಪಾಸು ಬೇಕು.

ಬ್ಯಾಟ್ರಿ ಒಳಗಿರೋ ಲಿಥಿಯಂ ಸೆಲ್ಲಿಗೆ 18650 ಅಂತಾರೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದೇ ಅದರ ಹೆಸರು. ಒಳ್ಳೇ ಕಂಪನಿಯ ಸೆಲ್ಲು ಸಾಮಾನ್ಯವಾಗಿ 3500 ಎಂಎಎಚ್ ಹತ್ತಿರಕ್ಕೆ ನಿಲ್ಲುತ್ತೆ. 9900 ಅಂತ ಬರೆದಿದ್ದರೆ ಅದು ಸೆಲ್ಲಲ್ಲ, ಸುಳ್ಳಿನ ಸುರುಳಿ. 3500ರ ಸೆಲ್ಲಿನಲ್ಲಿ ಇರೋದು ಸುಮಾರು ಹನ್ನೆರಡೂವರೆ ವಾಟ್-ಗಂಟೆ. ಟ್ಯಾಂಕಿನಲ್ಲಿ ನೀರಿರೋದು ಅಷ್ಟೇ ಅಂದಮೇಲೆ ನಲ್ಲಿ ದೊಡ್ಡದಾಗಿ ತಿರುಗಿಸಿದರೆ ಬೇಗ ಖಾಲಿ. ಸಾವಿರ ಲುಮೆನ್ನಿಗೆ ಒಂದು ಗಂಟೆ ಚಿಲ್ಲರೆ. ಹತ್ತು ಸಾವಿರ ಅಂದರೆ ಏಳೆಂಟು ನಿಮಿಷ, ಅದೂ ಆ ಸೆಲ್ಲು ಅಷ್ಟು ಕರೆಂಟು ಕೊಟ್ಟು ಬದುಕಿದ್ದರೆ!

ಇನ್ನೊಂದು ಗುಟ್ಟಿದೆ. ದುಬಾರಿ ಬ್ಯಾಟ್ರಿಯೂ ಸಾವಿರಾರು ಲುಮೆನ್ ಉರಿಸಿದರೆ ಕೈ ಸುಡೋಷ್ಟು ಕಾಯುತ್ತೆ. ಅದಕ್ಕೇ ಕೆಲವೇ ನಿಮಿಷದಲ್ಲಿ ತಾನೇ ಬೆಳಕು ಇಳಿಸಿಕೊಳ್ಳುತ್ತೆ. ಅಮೆರಿಕದವರು 2009ರಲ್ಲಿ ಎಫ್‌ಎಲ್ 1 ಅಂತ ಅಳತೆಯ ಕಟ್ಟಳೆ ಮಾಡಿದರು. ಅದರ ಪ್ರಕಾರ ಬೆಳಕು ಮೊದಲಿನ ಹತ್ತನೇ ಒಂದು ಭಾಗಕ್ಕೆ ಇಳಿಯೋವರೆಗೂ 'ಉರಿಯುವ ಸಮಯ'ಕ್ಕೇ ಜಮೆ. ಅಂದರೆ ಸಾವಿರದಿಂದ ನೂರಕ್ಕೆ ಇಳಿದು ತೆವಳಿದ್ದನ್ನೂ ಸೇರಿಸಿ '10 ಗಂಟೆ' ಅಂತ ಬರೆಯಬಹುದು. ದೂರದ ಲೆಕ್ಕವೂ ಹೀಗೇ. '200 ಮೀಟರ್' ಅಂದರೆ ಅಷ್ಟು ದೂರದಲ್ಲಿ ಬೀಳೋದು ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು. ಆನೆ ಗುರುತು ಹಿಡಿಯೋಕೆ ಅದರ ಅರ್ಧ ದೂರ ಅಂತ ಇಟ್ಟುಕೊಳ್ಳಿ. ಅರ್ಧಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟು.

ಅವರು ಕೇಳೋದೇನು?

ಇಷ್ಟೆಲ್ಲಾ ಅಳೆದೂ ತೂಗಿ ಹವ್ಯಾಸಿಗಳು ಕೇಳೋದು ದೊಡ್ಡ ನಂಬರನ್ನಲ್ಲ. ಒಂದು, ಸೆಲ್ಲು ಇಳಿಯುತ್ತಾ ಹೋದರೂ ಬೆಳಕು ಸಮನಾಗಿ ನಿಲ್ಲಬೇಕು. ಎರಡು, ಮಲಗಿರೋ ಮಗು ಏಳದಂಗೆ ತೀರಾ ಮಂದ ಬೆಳಕೂ ಇರಬೇಕು. ಮೂರು, ಸೆಲ್ಲು ಹೊರಗೆ ಬರಬೇಕು. ಸೆಲ್ಲು ಸತ್ತ ದಿನವೇ ಇಡೀ ಬ್ಯಾಟ್ರಿ ತಿಪ್ಪೆಗೆ ಹೋಗಬಾರದು. ನಾಲ್ಕು, ಜೇಬಿನಲ್ಲಿ ತಾನಾಗೇ ಹೊತ್ತದಂಗೆ ಬೀಗ ಇರಬೇಕು. ಈಗಿನ ಜೋರು ಬ್ಯಾಟ್ರಿ ಜೇಬಲ್ಲಿ ಹೊತ್ತಿದರೆ ಪ್ಯಾಂಟು ಸುಡುತ್ತೆ! ಐದು, ಗುಂಡಿ ಒತ್ತಿದರೆ ಹತ್ತಬೇಕು, ಒತ್ತಿದರೆ ಆರಬೇಕು. ನಡುವೆ ಆ ಡಿಸ್ಕೋ ಕುಣಿತ ಬೇಡ. ಹಾವು ಕಂಡ ಗಾಬರಿಯಲ್ಲಿ ಗುಂಡಿ ಒತ್ತಿದವನಿಗೆ ಪಳಪಳ ಮಿಣುಕು ಬಂದರೆ ಏನು ಮಾಡ್ತಾನೆ ಹೇಳಿ.

ಆರನೇದು ಬಣ್ಣ. ಸೂರ್ಯನ ಬೆಳಕಲ್ಲಿ ಬಣ್ಣ ಕಾಣೋದಕ್ಕೆ ನೂರು ಅಂಕ ಅಂದರೆ ಅಗ್ಗದ ಎಲ್‌ಇಡಿಗೆ ಎಪ್ಪತ್ತರ ಆಸುಪಾಸು, ಒಳ್ಳೇದಕ್ಕೆ ತೊಂಬತ್ತರ ಮೇಲೆ. ನೀಲಿ ಛಾಯೆಯ ಅಗ್ಗದ ಬೆಳಕಲ್ಲಿ ಕೆಂಪು, ಕಂದು ಬಣ್ಣಗಳು ಸಪ್ಪೆ. ತರಗೆಲೆ ನಡುವೆ ಸುತ್ತಿಕೊಂಡ ಕೊಳಕುಮಂಡಲದ ಬಣ್ಣವೂ ಕಂದೇ. ಇದು ಶೋಕಿಯವರ ತಗಾದೆ ಅಂತ ತಳ್ಳಿಹಾಕೋ ಮಾತಲ್ಲ.

ಅಂಗಡಿಯವರಿಗೆರಡು ಮಾತು

ಮೋಸ ಮಾಡೋದು ನೀವಲ್ಲ, ಡಬ್ಬಿ ಅಚ್ಚು ಹಾಕಿದವರು. ಆದರೆ ಗಿರಾಕಿ ಬಂದು ಜಗಳ ತೆಗೆಯೋದು ನಿಮ್ಮ ಗಲ್ಲಾ ಮುಂದೆ. ನಿಮ್ಮ ಹತ್ತಿರ ತಕ್ಕಡಿ ಇದೆಯಲ್ಲ, 18650 ಸೆಲ್ಲು ತೆಗೆದು ಇಟ್ಟು ನೋಡಿ. ಒಳ್ಳೇದು 45ರಿಂದ 50 ಗ್ರಾಂ ತೂಗುತ್ತೆ. ಇಪ್ಪತ್ತು ಮೂವತ್ತು ಗ್ರಾಂ ಬಂದರೆ ಆ ಮಾಲು ವಾಪಸು ಕಳಿಸಿ. ಗೋಡೆಯ ಪ್ಲಗ್ಗಿಗೆ ಚುಚ್ಚೋ ಹಳೇ ನಮೂನೆ ಚಾರ್ಜಿಂಗ್ ಬ್ಯಾಟ್ರಿಗಳಲ್ಲಿ ಸೀಸದ ಬ್ಯಾಟರಿ ಇರುತ್ತೆ. ಚಾರ್ಜು ಇಳಿದ ಹಾಗೇ ತಿಂಗಳುಗಟ್ಟಲೆ ಮೂಲೆಗಿಟ್ಟರೆ ಅದು ಕೆಡುತ್ತೆ. ಮಾರೋವಾಗಲೇ ಇದನ್ನು ಹೇಳಿ, ಗಿರಾಕಿ ಮತ್ತೆ ನಿಮ್ಮಲ್ಲಿಗೇ ಬರ್ತಾನೆ. ಹಳೇ ಸೆಲ್ಲು ವಾಪಸು ಪಡೆಯೋ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಸೆಲ್ಲನ್ನು ಕಸದ ಬೆಂಕಿಗೆ ಮಾತ್ರ ಎಸೀಬೇಡಿ, ಸಿಡಿಯುತ್ತೆ.

ಕೊಳ್ಳೋರಿಗೂ ಮಾತಿದೆ. ಮೂರು ನಾಲ್ಕು ನೂರು ಲುಮೆನ್ ನಿಜವಾಗಿ ಕೊಟ್ಟು, ಒಂದೆರಡು ಗಂಟೆ ಇಳಿಯದೆ ನಿಲ್ಲೋ ಬ್ಯಾಟ್ರಿ ತೋಟಕ್ಕೂ ಸಾಕು, ಆನೆ ದಾರಿಗೂ ಸಾಕು. ಕೊಂಡ ದಿನವೇ ಪೂರ್ತಿ ಚಾರ್ಜು ಮಾಡಿ, ಗಡಿಯಾರ ನೋಡಿಕೊಂಡು ಮನೆಯಲ್ಲೇ ಉರಿಸಿ ನೋಡಿ. ಕತ್ತಲೆ ತೋಟದಲ್ಲಿ ಪರೀಕ್ಷೆ ಬೇಡ. ಬಿಲ್ಲು ಕೇಳಿ ತಗೊಳ್ಳಿ, ಡಬ್ಬಿ ಎಸೀಬೇಡಿ. ಡಬ್ಬಿ ಮೇಲಿನ ಸುಳ್ಳೇ ನಿಮ್ಮ ಸಾಕ್ಷಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸೋ ಜಾಹೀರಾತು ತಪ್ಪು. ದೂರಿಗೆ 1915ಕ್ಕೆ ಫೋನು ಮಾಡಬಹುದು. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಮುನ್ನೂರು ರೂಪಾಯಿಗೆ ಯಾರು ಅಲೀತಾರೆ ಅಂತ ಎಲ್ಲರೂ ಸುಮ್ಮನಿರ್ತಾರೆ ಅನ್ನೋದು ಡಬ್ಬಿ ಅಚ್ಚು ಹಾಕೋರಿಗೂ ಚೆನ್ನಾಗಿ ಗೊತ್ತು.