ನಿಮಗಿದು ಗೊತ್ತೆ? ಗಣಿಯ ತ್ಯಾಜ್ಯವೇ ಮನೆಗೆ ಬಣ್ಣ!

ಸ್ವೀಡನ್ನಿನ ಹಳ್ಳಿಗಳಲ್ಲಿ ಹಲಗೆ ಗೋಡೆಯ ಮನೆಗಳಿಗೆ ಹೆಚ್ಚಾಗಿ ಒಂದೇ ಬಣ್ಣ: ಬಿಳಿ ಅಂಚಿನ ಕಡುಗೆಂಪು.

• ಇದರ ಮೂಲ ಫಾಲುನ್ ಪಟ್ಟಣದ ತಾಮ್ರದ ಗಣಿ. ತಾಮ್ರ ತೆಗೆದು ಎಸೆದ ಕಲ್ಲುಮಣ್ಣು ಕಾಲಾಂತರದಲ್ಲಿ ಶಿಥಿಲಗೊಂಡು, ಕಬ್ಬಿಣದ ಅಂಶ ತುಂಬಿದ ಕಾವಿಮಣ್ಣಾಗುತ್ತದೆ. ಅದನ್ನು ತೊಳೆದು, ಸುಟ್ಟು, ಅರೆದರೆ ಕೆಂಪು ಪುಡಿ ಸಿದ್ಧ.

• ಪುಡಿಗೆ ನೀರು, ರೈ ಅಥವಾ ಗೋಧಿ ಹಿಟ್ಟು, ಕಬ್ಬಿಣದ ಸಲ್ಫೇಟ್, ಅಗಸೆ ಎಣ್ಣೆ ಸೇರಿಸಿ ಕುದಿಸುತ್ತಾರೆ. ಹಿಟ್ಟಿನ ಗಂಜಿಯೇ ಇಲ್ಲಿ ಅಂಟು.

• 17ನೇ ಶತಮಾನದಲ್ಲಿ ಸಿರಿವಂತರು ತಮ್ಮ ಮರದ ಮನೆ ಇಟ್ಟಿಗೆ ಬಂಗಲೆಯಂತೆ ಕಾಣಲೆಂದು ಇದನ್ನು ಬಳಿಸುತ್ತಿದ್ದರು. ರೈತರ ಮನೆಗಳಿಗೆ ವ್ಯಾಪಕವಾಗಿ ಬಂದದ್ದು 19ನೇ ಶತಮಾನದಲ್ಲಿ.

• ಮತ್ತೆ ಬಳಿಯುವ ಮುನ್ನ ದೊಡ್ಡ ತಯಾರಿ ಬೇಡ. ಕೊಳೆತ ಹಲಗೆ ಬದಲಿಸಿ, ಸಡಿಲವಾದ ಹಳೆಯ ಪುಡಿಯನ್ನು ಗಡುಸು ಬ್ರಷ್‌ನಿಂದ ಉಜ್ಜಿ ತೆಗೆದರೆ ಸಾಕು. ನುಣ್ಣಗೆ ಕೀಸಿದ ಮರಕ್ಕಿಂತ ಗರಗಸದಿಂದ ಸೀಳಿದ ಒರಟು ಹಲಗೆಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

• ಆದರೆ ಎಣ್ಣೆ ಪೇಂಟ್ ಅಥವಾ ಪ್ಲಾಸ್ಟಿಕ್ ಪೇಂಟ್ ಮೇಲೆ ಇದು ನಿಲ್ಲದು. ಆ ಪದರವನ್ನು ಪೂರ್ತಿ ಕೆರೆದು, ಬರಿ ಮರ ಕಾಣಿಸಿದ ಮೇಲೆಯೇ ಬಳಿಯಬೇಕು. ದಪ್ಪಗೆ ಬಳಿದರೂ ಚಕ್ಕೆ ಏಳುತ್ತದೆ.

• ಈ ಬಣ್ಣ ಮರದ ಮೇಲೆ ಬಿಗಿಯಾದ ಪೊರೆ ಕಟ್ಟುವುದಿಲ್ಲ. ಹಾಗಾಗಿ ಒಳಗಿನ ತೇವ ಆರಿಹೋಗಿ ಹಲಗೆ ಬಾಳಿಕೆ ಬರುತ್ತದೆ. ಗೋಡೆಗೆ ಒರಗಿದರೆ ಮಾತ್ರ ಅಂಗಿಯೂ ಕೆಂಪು!

• ಗಣಿಗಾರಿಕೆ 1992ರಲ್ಲಿ ನಿಂತಿತು. 2001ರಲ್ಲಿ ಆ ಪ್ರದೇಶ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಉಳಿದ ತ್ಯಾಜ್ಯದ ರಾಶಿಯಿಂದ ಬಣ್ಣದ ತಯಾರಿ ಇಂದಿಗೂ ನಡೆದಿದೆ.