ಹದಿನೈದು ದಿನ ಯಾರ್ ಕಾಯ್ತಾರವ್ವ?

ಎಂಎಸ್‌ಡಬ್ಲ್ಯು ಓದುವವರಿಗೆ ಕ್ಷೇತ್ರಕಾರ್ಯ ಕಡ್ಡಾಯ. ನನ್ನ ಪಾಲಿಗೆ ಬಂದದ್ದು ಯಾದಗಿರಿ ಜಿಲ್ಲೆಯ ಕಡೇಚೂರು ಸುತ್ತಲಿನ ಹಳ್ಳಿಗಳು. 2025ರ ಜನವರಿಯಲ್ಲಿ, ಹತ್ತಿ ಬಿಡಿಸುವುದು ಮುಗಿದು ಹೊಲಗಳು ಖಾಲಿಯಾಗುತ್ತಿದ್ದ ಒಂದು ವಾರ ಅಲ್ಲಿದ್ದೆ. ಗುಳೆ ಹೊರಡುವ ಮನೆಗಳಿಗೆ ಹೋಗಿ, ಊರಲ್ಲೇ ಉದ್ಯೋಗ ಖಾತ್ರಿ ಕೆಲಸ ಕೇಳುವಂತೆ ನಮೂನೆ 6 ತುಂಬಿಸುವುದು ನನಗೆ ವಹಿಸಿದ್ದ ಕೆಲಸ.

ಆಗಿನ ನರೇಗಾದಲ್ಲಿ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ ಇತ್ತು. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ, ಆಗ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಕೊಡದಿದ್ದರೆ ನಿರುದ್ಯೋಗ ಭತ್ಯೆ. ತರಗತಿಯಲ್ಲಿ ಓದುವಾಗ ಈ 15 ದಿನ ಬಹಳ ಕಡಿಮೆ ಅನ್ನಿಸಿತ್ತು. ಸೋಮವಾರ ಮೊದಲ ಮನೆಯ ಕಟ್ಟೆಯ ಮೇಲೆ ಕೂತು ಅದನ್ನೇ ವಿವರಿಸಿದೆ. ಆ ಮನೆಯ ಅಕ್ಕ ಜೋಳದ ಹಿಟ್ಟು ಸೋಸುತ್ತಲೇ ಹೇಳಿದರು: ‘ಹದಿನೈದು ದಿನ ಯಾರ್ ಕಾಯ್ತಾರವ್ವ? ಮೇಸ್ತ್ರಿ ಮುಂಗಡ ರೊಕ್ಕ ಕೊಟ್ಟು ಹೋಗ್ಯಾನ. ಶುಕ್ರವಾರ ರೈಲಿಗಿ ಹೊಂಟೀವಿ.’

ಮೇಸ್ತ್ರಿಗೆ ಊರಿನ ಲೆಕ್ಕ ಸರ್ಕಾರಕ್ಕಿಂತ ಚೆನ್ನಾಗಿ ಗೊತ್ತು. ಯಾರ ಹೊಲದ ಕೆಲಸ ಯಾವಾಗ ಮುಗಿಯುತ್ತದೆ, ಯಾರ ಮನೆಯಲ್ಲಿ ಸಾಲದ ಕಂತು ಬಾಕಿ, ಯಾರ ಮಗಳ ಮದುವೆ ಹತ್ತಿರ ಬಂದಿದೆ, ಎಲ್ಲವೂ ಅವನ ತಲೆಯಲ್ಲಿರುತ್ತದೆ. ಅವನು ನಮೂನೆ ತುಂಬಿಸುವುದಿಲ್ಲ, ರೊಕ್ಕ ಎಣಿಸಿ ಕೊಡುತ್ತಾನೆ.

ಆದರೂ ಎರಡು ದಿನದಲ್ಲಿ 14 ಅರ್ಜಿಗಳಾದವು. ಕೊಡಲು ಹೋದ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು, ಸ್ವೀಕೃತಿ ಮಾತ್ರ ಕೊಡಲಿಲ್ಲ. ‘ಇಟ್ಟು ಹೋಗ್ರಿ, ನೋಡ್ತೀವಿ’ ಅಂದರು. ಅಂಗೈಯಗಲದ ಆ ಚೀಟಿಯಲ್ಲೇ ಇಡೀ ಕಾಯ್ದೆಯ ಜೀವ ಇದ್ದದ್ದು. ಅದರಲ್ಲಿ ದಿನಾಂಕ ಬೀಳದೆ 15 ದಿನ ಶುರುವೇ ಆಗುತ್ತಿರಲಿಲ್ಲ, ಭತ್ಯೆಯ ಮಾತೂ ಬರುತ್ತಿರಲಿಲ್ಲ. ಆಮೇಲೆ ‘ಈ ಊರಲ್ಲಿ ಕೆಲಸಕ್ಕೆ ಬೇಡಿಕೆಯೇ ಇಲ್ಲ’ ಎಂದು ಬರೆದುಬಿಡಬಹುದಿತ್ತು. ಬುಧವಾರ ಸ್ವಸಹಾಯ ಸಂಘದ ಹೆಂಗಸರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಮೆಟ್ಟಿಲ ಮೇಲೆ ಕೂತರು. ಯಾರೂ ಕೂಗಾಡಲಿಲ್ಲ. ಮಧ್ಯಾಹ್ನ ಮೂರಕ್ಕೆ 14 ಚೀಟಿಗಳೂ ಸಿಕ್ಕವು.

ಕಡೇಚೂರಿನ ಹೆಸರು ಪತ್ರಿಕೆಯಲ್ಲಿ ಬರುವುದು ಕೈಗಾರಿಕಾ ಪ್ರದೇಶದಿಂದ. ಕಡೇಚೂರು, ಬಾಡಿಯಾಳ ಭಾಗದ ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಅದಕ್ಕೆ ಹೋಗಿದೆ. ರೈಲು ಬೋಗಿಯ ಕಾರ್ಖಾನೆ ಬಂತು, ಔಷಧ ಮತ್ತು ರಾಸಾಯನಿಕ ಘಟಕಗಳು ಬಂದವು. ಕಾರ್ಖಾನೆ ಕಾಣುವ ಅಂಗಳದಿಂದಲೇ ಜನ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಡುವುದನ್ನು ನೋಡುವಾಗ ಜಮೀನು ಕೊಟ್ಟವರಿಗೆ ಏನು ದಕ್ಕಿತು ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. ರಾತ್ರಿ ಗಾಳಿಯಲ್ಲಿ ಬರುವ ವಾಸನೆಯ ಬಗ್ಗೆ ಕೇಳಿದ ಮನೆಗಳಲ್ಲೆಲ್ಲ ದೂರು. ನನ್ನ ಸಮೀಕ್ಷೆಯ ಹಾಳೆಯಲ್ಲಿ ‘ಶೌಚಾಲಯ ಇದೆಯೇ?’ ಎಂಬ ಕಾಲಂ ಇತ್ತು. ‘ರಾತ್ರಿ ಕಿಟಕಿ ತೆರೆದು ಮಲಗುತ್ತೀರಾ?’ ಎಂಬುದು ಇರಲಿಲ್ಲ. ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ.

ಗುರುವಾರ ಒಂದು ಅಂಗನವಾಡಿಗೆ ಹೋದೆ. ನೀತಿ ಆಯೋಗ 2018ರಲ್ಲಿ ಮಹತ್ವಾಕಾಂಕ್ಷೆಯ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ಮಕ್ಕಳ ತೂಕಕ್ಕೆ ಇಲ್ಲಿ ಅಷ್ಟು ಮಹತ್ವ. ಆದರೆ ತೂಕದ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ತಿಂಗಳುಗಟ್ಟಲೆ ಖಾಲಿ. ಕೂಸು ಅಪ್ಪ ಅವ್ವನ ಜೊತೆ ಹೋಗಿದೆ, ಅಲ್ಲಿ ಶೆಡ್ಡಿನ ಹತ್ತಿರ ಅಂಗನವಾಡಿ ಇದೆಯೋ ಇಲ್ಲವೋ ಟೀಚರಿಗೆ ತಿಳಿಯದು. ಕೂಲಿಕಾರರ ಪುಟ್ಟ ಮಕ್ಕಳಿಗೆಂದು ಸರ್ಕಾರ ಪಂಚಾಯಿತಿಗಳಲ್ಲಿ ಶುರು ಮಾಡಿದ ‘ಕೂಸಿನ ಮನೆ’ ನನಗೆ ಬಹಳ ಹಿಡಿಸಿದ ಯೋಜನೆ. ಅವ್ವನಿಗೆ ಊರಲ್ಲೇ ಕೆಲಸ ಸಿಕ್ಕರೆ ತಾನೇ ಅದು ತುಂಬುವುದು!

ಒಂದು ಕಡೆ ಮಾತ್ರ ಲೆಕ್ಕ ತಾನಾಗಿ ಸರಿಹೊಂದಿತ್ತು. ಮಗ–ಸೊಸೆ ಬೆಂಗಳೂರಲ್ಲಿ, ಮೂವರು ಮೊಮ್ಮಕ್ಕಳು ಆಯಿಯ ಹತ್ತಿರ. ರೇಷನ್ ಕಾರ್ಡಿನಲ್ಲಿ ಆಯಿಯೇ ಯಜಮಾನಿ, ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿ ಮಕ್ಕಳಿರುವ ಮನೆಗೇ ಬರುತ್ತದೆ. ಪಕ್ಕದ ಮನೆಯಲ್ಲಿ ಸೊಸೆ ಯಜಮಾನಿ, ಎಟಿಎಂ ಕಾರ್ಡು ಅವಳ ಜೊತೆ ಊರುಬಿಟ್ಟಿದೆ. ಅಲ್ಲಿನ ಮುತ್ಯಾ ಕಿರಾಣಿ ಅಂಗಡಿಯ ಉದ್ರಿಯಲ್ಲಿ ದಿನ ನೂಕುತ್ತಿದ್ದಾರೆ. ಗುಳೆಯಲ್ಲಿ ಕುಟುಂಬ ಎರಡಾಗುತ್ತದೆ, ನಮ್ಮ ಯೋಜನೆಗಳಲ್ಲಿ ಒಂದೇ ಇರುತ್ತದೆ.

ಶುಕ್ರವಾರ ಸೈದಾಪುರ ಸ್ಟೇಷನ್ನಿನಲ್ಲಿ ಅರ್ಜಿ ಹಾಕಿದ್ದ ಎಂಟು ಕುಟುಂಬಗಳು ರೈಲು ಹತ್ತಿದವು. ಆರು ಉಳಿದವು. ನಾನು ಕಲಬುರಗಿಗೆ ಮರಳಿದ ಮೇಲೆ ಸಂಘದ ಅಕ್ಕ ಫೋನ್ ಮಾಡಿದರು. ಹದಿಮೂರನೇ ದಿನಕ್ಕೆ ಆ ಆರು ಕುಟುಂಬಗಳಿಗೆ ಕೆರೆ ಹೂಳೆತ್ತುವ ಕೆಲಸ ಸಿಕ್ಕಿತಂತೆ. ಹೋದವರ ಚೀಟಿಗಳನ್ನು ಅವರು ಟ್ರಂಕಿನಲ್ಲಿ ಇಟ್ಟಿದ್ದಾರೆ.

‘ಮುಂದಿನ ಸಲ ದೀಪಾವಳಿಗೇ ಬಾ ತಂಗಿ’ ಅಂದರು. ‘ಮೇಸ್ತ್ರಿ ಬರೂಕಿಂತ ಮೊದಲ ಫಾರಂ ತುಂಬೂಣು.’